ಒಂಬತ್ತಕ್ಕೆ ಬೀಳುವ ಗೇಟು ಮತ್ತು ಪ್ರವಾಸೋದ್ಯಮದ ಡಿಗ್ರಿ

ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಯ ಕಡೆ ಹೊರಟರೆ ಕಾಡಿನ ಬಾಗಿಲಲ್ಲಿ ಮದ್ದೂರು ಚೆಕ್‌ಪೋಸ್ಟ್ ಸಿಗುತ್ತದೆ. ರಾತ್ರಿ ಒಂಬತ್ತಕ್ಕೆ ಅಲ್ಲಿ ಗೇಟು ಬೀಳುತ್ತದೆ, ಬೆಳಿಗ್ಗೆ ಆರಕ್ಕೆ ಏಳುತ್ತದೆ. ಬಂಡೀಪುರದ ಪ್ರಾಣಿಗಳು ರಾತ್ರಿ ಹೊತ್ತಾದರೂ ನೆಮ್ಮದಿಯಾಗಿ ರಸ್ತೆ ದಾಟಲಿ ಎಂದು 2009ರಲ್ಲಿ ಬಂದ ನಿಯಮವಿದು. ಊಟಿ ದಿಕ್ಕಿನ ಮೇಲುಕಾಮನಹಳ್ಳಿಯಲ್ಲೂ ಇದೇ ಕಟ್ಟಳೆ. ಆಂಬುಲೆನ್ಸಿಗೆ ಮತ್ತು ಲೆಕ್ಕ ಹಾಕಿ ಬಿಟ್ಟ ಕೆಲವು ಬಸ್ಸುಗಳಿಗೆ ಮಾತ್ರ ವಿನಾಯಿತಿ. ಒಂಬತ್ತೂ ಹತ್ತಕ್ಕೆ ಬಂದ ಕೋಳಿಕ್ಕೋಡಿನ ಕುಟುಂಬ ಎಷ್ಟು ಬೇಡಿಕೊಂಡರೂ ಪ್ರಯೋಜನವಿಲ್ಲ. ಕಾರು ತಿರುಗಿಸಿಕೊಂಡು ಪೇಟೆಗೆ ವಾಪಸು ಬಂದು ರೂಮು ಹುಡುಕಬೇಕು.

ಆಗ ಲಾಡ್ಜಿನ ಗಲ್ಲಾದಲ್ಲಿ ಕೂತವನನ್ನು ಗಮನಿಸಬೇಕು. ಬಂದವರ ಗಾಡಿಯ ನಂಬರ್ ಪ್ಲೇಟು ನೋಡಿಯೇ ಮಲಯಾಳಂ ಶುರುಮಾಡುತ್ತಾನೆ. ಹಿಂದೆ ನಿಂತವರು ಕೊಯಮತ್ತೂರಿನವರಾದರೆ ಅದೇ ಉಸಿರಿನಲ್ಲಿ ತಮಿಳು. ಮಗು ಅಳುತ್ತಿದ್ದರೆ ಮೊದಲು ಬಿಸಿಹಾಲಿಗೆ ಹೇಳಿಕಳಿಸಿ ಆಮೇಲೆ ಬಾಡಿಗೆಯ ಮಾತು ತೆಗೆಯುತ್ತಾನೆ. ಹೋಟೆಲ್ ಮ್ಯಾನೇಜ್‌ಮೆಂಟ್ ಕಾಲೇಜಿನಲ್ಲಿ ಇದಕ್ಕೆ ‘ಫ್ರಂಟ್ ಆಫೀಸ್’ ಎಂಬ ಹೆಸರಿದೆ, ಸೆಮಿಸ್ಟರ್‌ಗಟ್ಟಲೆ ಪಾಠವಿದೆ, ಅಂಕಗಳಿವೆ. ಗುಂಡ್ಲುಪೇಟೆಯವನಿಗೆ ಅಂಕ ಕೊಟ್ಟವರಿಲ್ಲ.

ಚಾಮರಾಜನಗರ ಜಿಲ್ಲೆಯ ಪಿಯುಸಿ ಮುಗಿಸಿದ ಮಕ್ಕಳು ಪ್ರವಾಸೋದ್ಯಮ, ಆತಿಥ್ಯ, ಈವೆಂಟ್ ಮ್ಯಾನೇಜ್‌ಮೆಂಟ್ ಎಂಬ ಪದವಿಗಳನ್ನು ಓದಬೇಕೆ ಎನ್ನುವ ಪ್ರಶ್ನೆಯನ್ನು ಈ ಗಲ್ಲಾದ ಮುಂದೆ ನಿಂತು ಕೇಳಿಕೊಳ್ಳುವುದು ಒಳ್ಳೆಯದು. ಕಾಲೇಜಿನ ಬಣ್ಣದ ಕರಪತ್ರದ ಮುಂದೆ ಕೇಳಿಕೊಂಡರೆ ಉತ್ತರ ಬೇರೆಯೇ ಬರುತ್ತದೆ.

ಅತಿಥಿ ಸತ್ಕಾರವನ್ನು ಶಾಲೆಯಲ್ಲಿ ಕಲಿಸಬಹುದೆಂಬ ಯೋಚನೆ ಅಷ್ಟೇನೂ ಹಳೆಯದಲ್ಲ. ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ 1893ರಲ್ಲಿ ಮೊದಲ ಹೋಟೆಲ್ ಶಾಲೆ ತೆರೆಯಿತು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯ 1922ರಲ್ಲಿ ಅದನ್ನು ಪದವಿಯ ಮಟ್ಟಕ್ಕೆ ಏರಿಸಿತು. ನಮ್ಮ ದೇಶದಲ್ಲಿ 1954ರಲ್ಲಿ ಮುಂಬೈಯಲ್ಲಿ ಕೇಟರಿಂಗ್ ಕಾಲೇಜು ಆರಂಭವಾಯಿತು. ಬೆಂಗಳೂರಿನ ಎಸ್.ಜೆ. ಪಾಲಿಟೆಕ್ನಿಕ್ ಆವರಣದ ಇನ್‌ಸ್ಟಿಟ್ಯೂಟ್ ಆಫ್ ಹೋಟೆಲ್ ಮ್ಯಾನೇಜ್‌ಮೆಂಟ್ ಮತ್ತು 1986ರಲ್ಲಿ ಶುರುವಾದ ಮಣಿಪಾಲದ ವೆಲ್ಕಂಗ್ರೂಪ್ ಶಾಲೆ ಕನ್ನಡ ನಾಡಿನಲ್ಲಿ ಈ ಓದಿಗೆ ಒಂದು ಘನತೆ ತಂದವು. ಪ್ರವಾಸೋದ್ಯಮದ ಓದು ಇದರ ತಮ್ಮ. 1983ರಲ್ಲಿ ಕೇಂದ್ರ ಸರ್ಕಾರ ಅದಕ್ಕೆಂದೇ ಒಂದು ಸಂಸ್ಥೆ ಕಟ್ಟಿತು, ಮುಂದೆ ಅದು ಗ್ವಾಲಿಯರ್‌ನಲ್ಲಿ ನೆಲೆಗೊಂಡಿತು. ನಮ್ಮ ವಿಶ್ವವಿದ್ಯಾಲಯಗಳು ಎಂಟಿಎ ಎಂಬ ಸ್ನಾತಕೋತ್ತರ ಪದವಿ ತಂದವು. ಈವೆಂಟ್ ಮ್ಯಾನೇಜ್‌ಮೆಂಟ್ ಎಲ್ಲರಿಗಿಂತ ಕಿರಿಯದು, ಮದುವೆ ಮನೆಯ ಓಡಾಟಕ್ಕೆ ಕೋಟು ತೊಡಿಸಿದ ಮೇಲೆ ಹುಟ್ಟಿದ್ದು.

ಆದರೆ ಕನ್ನಡಿಗರ ಹೋಟೆಲ್ ಚರಿತ್ರೆ ಈ ಕಾಲೇಜುಗಳಿಂದ ಹುಟ್ಟಲಿಲ್ಲ. ಉಡುಪಿ ಸೀಮೆಯಿಂದ ಬರಿಗೈಯಲ್ಲಿ ಹೊರಟ ಹುಡುಗರು ಲೋಟ ತೊಳೆದು, ರುಬ್ಬುಗಲ್ಲು ತಿರುಗಿಸಿ, ಸಪ್ಲೈಯರ್ ಆಗಿ, ಕೊನೆಗೆ ಗಲ್ಲಾ ಏರಿದರು. ಕಡಂದಲೆಯ ಕೃಷ್ಣ ಭಟ್ಟರು ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದ್ದು ಹೀಗೆ. ಬೆಂಗಳೂರಿನ ಎಂಟಿಆರ್ 1924ರದು. ಈ ಜನರ ‘ಇಂಟರ್ನ್‌ಶಿಪ್’ ಹತ್ತು ವರ್ಷ ನಡೆಯುತ್ತಿತ್ತು. ಕಾಡಿನ ಆತಿಥ್ಯದಲ್ಲೂ ಅಷ್ಟೇ. 1980ರಲ್ಲಿ ರಾಜ್ಯ ಸರ್ಕಾರ ಜಂಗಲ್ ಲಾಡ್ಜಸ್ ಸಂಸ್ಥೆ ಆರಂಭಿಸಿದಾಗ ಕಬಿನಿಯ ದಡದಲ್ಲಿ ಅದಕ್ಕೆ ಜೀವ ತುಂಬಿದವರು ಕರ್ನಲ್ ಜಾನ್ ವೇಕ್‌ಫೀಲ್ಡ್, ಎಲ್ಲರ ಬಾಯಲ್ಲಿ ‘ಪಾಪಾ’. ಅವರ ಬಳಿ ಪ್ರವಾಸೋದ್ಯಮದ ಡಿಗ್ರಿ ಇರಲಿಲ್ಲ. ಕಾಡು ಗೊತ್ತಿತ್ತು, ಜನರನ್ನು ಕೂರಿಸಿ ಕತೆ ಹೇಳುವುದು ಗೊತ್ತಿತ್ತು.

ಹಾಗಾದರೆ ಡಿಗ್ರಿ ಬೇಡವೇ ಎಂದರೆ, ನನ್ನ ಉತ್ತರ ಬೇಕು ಎಂದೇ. ಆದರೆ ಈಗ ಸಿಗುತ್ತಿರುವ ರೂಪದಲ್ಲಿ ಅದು ಈ ಜಿಲ್ಲೆಗೆ ಹೊಲಿದ ಅಂಗಿಯಲ್ಲ.

ಹೋಟೆಲ್ ಮ್ಯಾನೇಜ್‌ಮೆಂಟಿನ ಪಠ್ಯ ಎಲ್ಲಿ ನೋಡಿದರೂ ನಾಲ್ಕು ಕಂಬಗಳ ಮೇಲೆ ನಿಂತಿದೆ: ಫ್ರಂಟ್ ಆಫೀಸ್, ಹೌಸ್‌ಕೀಪಿಂಗ್, ಅಡುಗೆ, ಬಡಿಸುವಿಕೆ. ಜೊತೆಗೆ ಐದಾರು ತಿಂಗಳು ಯಾವುದಾದರೂ ದೊಡ್ಡ ಹೋಟೆಲಿನಲ್ಲಿ ತರಬೇತಿ. ಮಂಚಕ್ಕೆ ಚಾದರ ಹಾಸುವಾಗ ಮೂಲೆ ಹೇಗೆ ಮಡಚಬೇಕು, ವೈನ್ ಗ್ಲಾಸನ್ನು ಯಾವ ಕಡೆಯಿಂದ ಇಡಬೇಕು, ಫ್ರೆಂಚ್ ಸಾಸುಗಳು ಎಷ್ಟು ಬಗೆ ಎಂಬುದನ್ನೆಲ್ಲ ಕಲಿಸುತ್ತಾರೆ. ಕಲಿಯಲಿ, ತಪ್ಪೇನಿಲ್ಲ. ಶಿಸ್ತು, ಶುಚಿ, ಸಮಯ, ಲೆಕ್ಕ ಈ ನಾಲ್ಕೂ ಮೈಗೂಡಿದರೆ ಅವನು ಯಾವ ಕೆಲಸಕ್ಕೂ ಸೈ. ಆದರೆ ಕೊನೆಗೆ ತಯಾರಾಗುವುದು ಬೆಂಗಳೂರಿನ ಸ್ಟಾರ್ ಹೋಟೆಲಿಗೆ ಬೇಕಾದ ಟ್ರೈನಿ. ಮೊದಲ ಸಂಬಳ ಕಡಿಮೆ, ‘ಬ್ರೇಕ್ ಶಿಫ್ಟ್’ ಎಂಬ ಹೆಸರಲ್ಲಿ ಬೆಳಿಗ್ಗೆ ಅರ್ಧ, ಸಂಜೆ ಅರ್ಧ ದುಡಿಮೆ, ಹಬ್ಬದ ದಿನ ರಜೆಯಿಲ್ಲ. ಊರವರಿಗೆ ಹಬ್ಬವಾದರೆ ಹೋಟೆಲಿನವನಿಗೆ ಸುಗ್ಗಿ ಎಂಬುದನ್ನು ದಾಖಲಾತಿಯ ದಿನ ಯಾರೂ ಹೇಳುವುದಿಲ್ಲ. ಬಂಡೀಪುರದ ಅಂಚಿನ ಹಂಗಳದ ಹುಡುಗನೊಬ್ಬ ಹೀಗೆ ಕಲಿತು ವೈಟ್‌ಫೀಲ್ಡಿನಲ್ಲಿ ತಟ್ಟೆ ಹಿಡಿಯುವಾಗ, ಅವನ ಊರಿನ ಪಕ್ಕದ ರೆಸಾರ್ಟಿಗೆ ಮ್ಯಾನೇಜರ್ ಹೊರಗಿನಿಂದ ಬರುತ್ತಾನೆ. ಊರಿನವರಿಗೆ ಸಿಗುವುದು ತೋಟ, ಗೇಟು, ಪಾತ್ರೆ. ಜಿಲ್ಲೆಯ ಪ್ರವಾಸೋದ್ಯಮದ ನಿಜವಾದ ಪ್ರಶ್ನೆ ಇಲ್ಲಿದೆ ಎಂದು ನನ್ನ ನಂಬಿಕೆ.

ಈ ಜಿಲ್ಲೆಯ ಬಳಿ ಇಲ್ಲದ್ದೇನು? ಮೈಸೂರಿನಿಂದ ಬೇರ್ಪಟ್ಟು 1997ರಲ್ಲಿ ಹುಟ್ಟಿದ ಜಿಲ್ಲೆ, ಅರ್ಧಕ್ಕರ್ಧ ಕಾಡೇ. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಮೊದಲ ಪಟ್ಟಿಯಲ್ಲೇ ಇದ್ದ ಬಂಡೀಪುರ, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ವನ್ಯಧಾಮ, ಕಾವೇರಿ ವನ್ಯಧಾಮ. ಭರಚುಕ್ಕಿ ಇದೆ, ಹೊಗೆನಕಲ್ಲಿನ ಈಚೆ ದಡವಿದೆ. ಜಿಲ್ಲಾ ಕೇಂದ್ರದ ನಡುವೆ ಮುಮ್ಮಡಿ ಕೃಷ್ಣರಾಜ ಒಡೆಯರು ತಂದೆಯ ನೆನಪಿಗೆ ಕಟ್ಟಿಸಿದ ಚಾಮರಾಜೇಶ್ವರ ದೇವಾಲಯವಿದೆ. ಅರಿಕುಠಾರ ಎಂಬ ಊರು ಚಾಮರಾಜನಗರವಾದದ್ದೂ ಆ ತಂದೆ ಇಲ್ಲಿ ಹುಟ್ಟಿದರೆಂಬ ಕಾರಣಕ್ಕೆ. ಡಾ. ರಾಜಕುಮಾರ್ ಹುಟ್ಟಿದ ಗಾಜನೂರು ಈಗ ಗಡಿಯಾಚೆ ತಾಳವಾಡಿಯ ಬಳಿ ಇದ್ದರೂ ಇಲ್ಲಿನ ಜನಕ್ಕೆ ಅದು ನಮ್ಮೂರೇ. ಪುನೀತ್ ರಾಜಕುಮಾರ್ ‘ಚೆಲುವ ಚಾಮರಾಜನಗರ’ ಎಂಬ ಪ್ರಚಾರಕ್ಕೆ ರಾಯಭಾರಿಯಾದದ್ದು ಆ ನಂಟಿನಿಂದ.

ಇಷ್ಟೆಲ್ಲ ಇದ್ದೂ ಊರಿಗೆ ಅಂಟಿಕೊಂಡಿದ್ದ ಖ್ಯಾತಿ ಯಾವುದು ಗೊತ್ತೆ? ಇಲ್ಲಿಗೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾನೆ ಎಂಬುದು. ವರ್ಷಗಟ್ಟಲೆ ಮುಖ್ಯಮಂತ್ರಿಗಳು ಜಿಲ್ಲಾ ಕೇಂದ್ರವನ್ನು ಸುತ್ತಿ ಬಳಸಿ ಹೋದರು. 2013ರಲ್ಲಿ ಅಧಿಕಾರಕ್ಕೆ ಬಂದ ಸಿದ್ದರಾಮಯ್ಯ ಮೇಲಿಂದ ಮೇಲೆ ಬಂದು, ಐದು ವರ್ಷ ಪೂರೈಸಿ ಅದರ ಸದ್ದಡಗಿಸಿದರು. 2025ರ ಏಪ್ರಿಲ್ 24ರಂದು ಮಹದೇಶ್ವರ ಬೆಟ್ಟದಲ್ಲಿ ಸಚಿವ ಸಂಪುಟವೇ ಸಭೆ ಸೇರಿತು. ಮಾರ್ಕೆಟಿಂಗ್ ಪಾಠದಲ್ಲಿ ‘ಸ್ಥಳದ ವರ್ಚಸ್ಸು’ ಎಂಬ ಅಧ್ಯಾಯಕ್ಕೆ ಸಿಂಗಪುರದ ಉದಾಹರಣೆ ಕೊಡುವ ಅಧ್ಯಾಪಕರು ಇದನ್ನು ಬಿಟ್ಟುಬಿಡುವುದು ಯಾಕೋ ತಿಳಿಯದು.

ಗುಂಡ್ಲುಪೇಟೆ ಇನ್ನೊಂದು ಪಾಠಶಾಲೆ. ಮುಂಗಾರು ಹಿಡಿದ ಮೇಲೆ ಹೆದ್ದಾರಿಯ ಎರಡೂ ಕಡೆ ಸೂರ್ಯಕಾಂತಿ, ಚೆಂಡುಹೂ ಅರಳುತ್ತವೆ. ಸೂರ್ಯಕಾಂತಿ ಎಣ್ಣೆಗೆ, ಚೆಂಡುಹೂವಿನಲ್ಲಿ ಬಹುಪಾಲು ಬಣ್ಣ ತೆಗೆಯುವ ಕಂಪನಿಗಳಿಗೆ, ಒಂದಿಷ್ಟು ಓಣಂನ ಹೂರಂಗೋಲಿ ಪೂಕ್ಕಳಂಗೆ. ಕೇರಳದ ಕಾರುಗಳು ಹೊಲದ ಪಕ್ಕ ನಿಲ್ಲತೊಡಗಿದವು. ಮೊದಮೊದಲು ಗಿಡ ತುಳಿದರೆಂದು ರೈತ ಬೈದ. ಆಮೇಲೆ ಒಂದು ಹಗ್ಗ ಕಟ್ಟಿ, ಫೋಟೋಕ್ಕೆ ಇಷ್ಟು ಎಂದು ದರ ಹೇಳಿದ. ಎಳನೀರಿನವನು ಬಂದ, ಬೇಯಿಸಿದ ಜೋಳದವಳು ಬಂದಳು. ಸರ್ಕಾರ ಯೋಜಿಸಿದ್ದಲ್ಲ, ಯಾವ ಸಲಹೆಗಾರನ ವರದಿಯಲ್ಲೂ ಇದ್ದದ್ದಲ್ಲ. ಹೂವಿನ ಬೆಲೆಗಿಂತ ಹೂವಿನ ನೋಟಕ್ಕೆ ಬೆಲೆ ಬಂತು. ಈ ಹೊಲದ ಬದುವಿನ ಮೇಲೆ ಕೂತು ಒಂದು ಋತುವಿನ ಲೆಕ್ಕ ಬರೆದ ವಿದ್ಯಾರ್ಥಿಗೆ ‘ಅನುಭವದ ಆರ್ಥಿಕತೆ’ಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಎಷ್ಟು ಕಾರು ನಿಂತವು, ಎಷ್ಟು ಹೊತ್ತು, ಎಷ್ಟು ಖರ್ಚಾಯಿತು, ಕಸ ಎಲ್ಲಿ ಬಿತ್ತು, ಶೌಚಾಲಯಕ್ಕೆ ಹೆಂಗಸರು ಎಲ್ಲಿಗೆ ಹೋದರು? ಕೊನೆಯ ಪ್ರಶ್ನೆಗೆ ಉತ್ತರ ಹುಡುಕಿದರೆ ಅದೇ ಒಂದು ಉದ್ಯೋಗ.

ಊಟದ ಮಾತಿಗೂ ಇದು ಸಲ್ಲುತ್ತದೆ. ಹೆದ್ದಾರಿಯ ಹೋಟೆಲುಗಳಲ್ಲಿ ಪರೋಟ ಸಿಗುತ್ತದೆ, ರೆಸಾರ್ಟುಗಳಲ್ಲಿ ಪನೀರ್ ಸಿಗುತ್ತದೆ. ಮುದ್ದೆ ಮತ್ತು ಉಪ್ಸಾರು, ಹಿಸುಕಿದ ಅವರೆಯ ಸಾರು, ಕಾಡಿನ ಸೋಲಿಗರ ಮನೆಯ ಸೊಪ್ಪು ಮತ್ತು ಕಾಡುಗೆಣಸು ಅಪರೂಪ. ಅಡುಗೆಯ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಉಪ್ಸಾರಿನ ಖಾರ ಅರೆಯಲು ಹೇಳಿದರೆ ಎಷ್ಟು ಮಂದಿ ಪಾಸಾಗುತ್ತಾರೋ ನೋಡಬೇಕು.

ಇನ್ನು ಯಾವ ಕರಪತ್ರವೂ ಹೇಳದ ಸಂಗತಿಗೆ ಬರೋಣ. ಈ ಜಿಲ್ಲೆಯಲ್ಲಿ ಪ್ರವಾಸೋದ್ಯಮ ಒಂದೇ ದಿನದಲ್ಲಿ ನಿಂತುಹೋಗಬಲ್ಲದು. 2012ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಹುಲಿ ಸಂರಕ್ಷಿತ ಪ್ರದೇಶಗಳ ಒಡಲ ಭಾಗದಲ್ಲಿ ಪ್ರವಾಸೋದ್ಯಮಕ್ಕೆ ತಡೆ ಹಾಕಿತು. ಅಕ್ಟೋಬರಿನಲ್ಲಿ ಮಾರ್ಗಸೂಚಿಯೊಂದಿಗೆ ಅದು ತೆರವಾಯಿತು. 2020ರಲ್ಲಿ ಕೋವಿಡ್. 2025ರ ನವೆಂಬರಿನಲ್ಲಿ ಕಾಡಂಚಿನ ಊರುಗಳಲ್ಲಿ ಹುಲಿ ದಾಳಿಗೆ ರೈತರು ಬಲಿಯಾದ ಮೇಲೆ ಬಂಡೀಪುರ ಮತ್ತು ನಾಗರಹೊಳೆಯಲ್ಲಿ ಸಫಾರಿ ನಿಲ್ಲಿಸಲು ಸರ್ಕಾರ ಆದೇಶಿಸಿತು. ಒಮ್ಮೆ ನ್ಯಾಯಾಲಯ, ಒಮ್ಮೆ ವೈರಸ್, ಒಮ್ಮೆ ಹುಲಿ. ಮೂರು ಸಲವೂ ಮೊದಲು ಮನೆಗೆ ಹೋದವರು ಜೀಪಿನ ಚಾಲಕ, ರೂಂಬಾಯ್, ಅಡುಗೆ ಸಹಾಯಕ.

ಹಾಗೆಂದು ಸಫಾರಿ ನಿಂತದ್ದು ಅನ್ಯಾಯ ಎಂದು ನಾನು ಹೇಳುತ್ತಿಲ್ಲ. ಸತ್ತವನೂ ಇದೇ ನೆಲದ ರೈತ. ಹುಲಿ ತೋರಿಸಿ ಗಳಿಸಿದ ದುಡ್ಡಿನಲ್ಲಿ ಹುಲಿಯ ಪಕ್ಕದಲ್ಲೇ ಬದುಕುವವನಿಗೆ ಪಾಲೆಷ್ಟು ಎಂಬ ಪ್ರಶ್ನೆಯನ್ನು ಕಾಡಂಚಿನ ಜನ ಕೇಳುತ್ತಿರುವುದು ಇವತ್ತಿನಿಂದಲ್ಲ. 2023ರ ಏಪ್ರಿಲ್ 9ರಂದು ಪ್ರಧಾನಿ ಬಂಡೀಪುರದಲ್ಲಿ ಸಫಾರಿ ಮಾಡಿ, ಮೈಸೂರಿನಲ್ಲಿ ದೇಶದ ಹುಲಿಗಳ ಸಂಖ್ಯೆ ಕನಿಷ್ಠ 3167 ಎಂದು ಸಾರಿದರು. ಎರಡು ವರ್ಷ ಕಳೆದು 2025ರ ಜೂನಿನಲ್ಲಿ ಮಹದೇಶ್ವರ ಬೆಟ್ಟದ ಹೂಗ್ಯಂ ವಲಯದಲ್ಲಿ ವಿಷವುಂಡು ತಾಯಿ ಹುಲಿಯೂ ನಾಲ್ಕು ಮರಿಗಳೂ ಸತ್ತವು. ಈ ಎರಡು ಸುದ್ದಿಗಳನ್ನು ಒಟ್ಟಿಗೆ ಇಟ್ಟು ಓದಲು ಬಾರದವನು ವನ್ಯಜೀವಿ ಪ್ರವಾಸೋದ್ಯಮ ಓದಿದ್ದೇನೆ ಎನ್ನಬಾರದು. 2012ರಲ್ಲಿ ಬಂಡೀಪುರದ ಸುತ್ತ ಪರಿಸರ ಸೂಕ್ಷ್ಮ ವಲಯ ಘೋಷಣೆಯಾಯಿತು. ಅದರೊಳಗೆ ಏನು ಕಟ್ಟಬಹುದು, ಏನು ಕೂಡದು, ಹೋಂಸ್ಟೇ ಎಂಬ ಬೋರ್ಡಿನ ಹಿಂದೆ ನಿಜಕ್ಕೂ ಮನೆಯವರು ವಾಸವಾಗಿದ್ದಾರೆಯೇ ಎಂಬುದೆಲ್ಲ ಇಲ್ಲಿನ ವಿದ್ಯಾರ್ಥಿಗೆ ಬಾಯಿಪಾಠವಾಗಬೇಕು.

ಒಳ್ಳೆಯ ಮಾದರಿ ಇಲ್ಲವೆಂದಲ್ಲ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಖಾಸಗಿ ವಾಹನ ಬಿಡುವುದಿಲ್ಲ. ಬೆಟ್ಟದ ಬುಡದಲ್ಲಿ ಇಳಿದು ಕೆಎಸ್‌ಆರ್‌ಟಿಸಿ ಬಸ್ಸು ಹತ್ತಬೇಕು. ಪುಸ್ತಕದಲ್ಲಿ ‘ಧಾರಣಾ ಸಾಮರ್ಥ್ಯ’ ಎಂದು ಎರಡು ಪುಟ ಬರೆದದ್ದನ್ನು ಅಲ್ಲಿ ಒಂದು ಟಿಕೆಟ್ಟು ತಿಳಿಸಿಬಿಡುತ್ತದೆ. ಅದೇ ಬೆಟ್ಟದಲ್ಲಿ 2025ರ ಏಪ್ರಿಲಿನಲ್ಲಿ ಮಲಯಾಳಂ ಚಿತ್ರವೊಂದರ ಶೂಟಿಂಗ್ ನಡೆದು ಗಲಾಟೆಯಾಯಿತು. ಭಕ್ತರಿಗೆ ಬಸ್ಸು, ಚಿತ್ರತಂಡಕ್ಕೆ ಬೇರೆ ನ್ಯಾಯವೇ ಎಂದು ಜನ ಕೇಳಿದರು. ಮಹದೇಶ್ವರ ಬೆಟ್ಟದ ಸೋಲಿಗರು ಕಾಡನ್ನು ನುಂಗುತ್ತಿರುವ ಲಂಟಾನ ಕಡ್ಡಿಗಳಿಂದ ಕುರ್ಚಿ, ಬುಟ್ಟಿ, ಆನೆಯ ಆಕೃತಿಗಳನ್ನು ಮಾಡುತ್ತಾರೆ. ಪರಿಸರ ಸಂಶೋಧನೆಯ ಏಟ್ರಿ ಸಂಸ್ಥೆ ಇದಕ್ಕೆ ಕೈಜೋಡಿಸಿದೆ. ಬಿಳಿಗಿರಿಯ ಸೋಲಿಗರಿಗೆ 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯದ ಹಕ್ಕು ಸಿಕ್ಕಿತು. ಗಿಡದ ಹೆಸರು, ಜೇನಿನ ಕಾಲ, ಆನೆಯ ಲದ್ದಿ ಎಷ್ಟು ಹಳತು ಎಂಬುದನ್ನು ಅವರ ಮಕ್ಕಳಿಗೆ ಯಾರೂ ಕಲಿಸಬೇಕಿಲ್ಲ. ಕಲಿಸಬೇಕಾದ್ದು ಇಂಗ್ಲಿಷ್, ಲೆಕ್ಕಪತ್ರ, ಬುಕಿಂಗ್ ತಂತ್ರಾಂಶ. ಅಂದರೆ ಕಷ್ಟದ ಅರ್ಧ ಅವರ ಬಳಿ ಆಗಲೇ ಇದೆ. ಸುಲಭದ ಅರ್ಧ ಇಲ್ಲವೆಂದು ನಾವು ಅವರನ್ನು ‘ಅನ್‌ಸ್ಕಿಲ್ಡ್’ ಎಂದು ಬರೆಯುತ್ತೇವೆ.

ಈವೆಂಟ್ ಮ್ಯಾನೇಜ್‌ಮೆಂಟ್ ಎಂದಾಗ ಕಣ್ಣ ಮುಂದೆ ಬರುವುದು ಎಲ್‌ಇಡಿ ಪರದೆ, ವಾಕಿಟಾಕಿ, ಕಪ್ಪು ಟೀಶರ್ಟು. ಈ ಸೀಮೆಯಲ್ಲಿ ಅದಕ್ಕಿಂತ ದೊಡ್ಡ ಈವೆಂಟುಗಳು ನೂರಾರು ವರ್ಷಗಳಿಂದ ನಡೆಯುತ್ತಿವೆ. ಕೊಳ್ಳೇಗಾಲದ ಬಳಿಯ ಚಿಕ್ಕಲ್ಲೂರಿನಲ್ಲಿ ಬನದ ಹುಣ್ಣಿಮೆಗೆ ಸಿದ್ದಪ್ಪಾಜಿಯ ಜಾತ್ರೆ, ಐದು ಹಗಲು ಐದು ರಾತ್ರಿ. ಚಂದ್ರಮಂಡಲ ಹೊತ್ತಿದ ರಾತ್ರಿಯಿಂದ ಪಂಕ್ತಿಸೇವೆಯವರೆಗೆ ಹೊಲಗದ್ದೆಗಳಲ್ಲೇ ಬಿಡಾರ, ಅಲ್ಲೇ ಒಲೆ, ಜಾತಿ ನೋಡದ ಊಟ. ಪ್ರಾಣಿಬಲಿ ಕೂಡದೆಂಬ ಆಡಳಿತ, ಇದು ಬಲಿಯಲ್ಲ ನಮ್ಮ ಊಟ ಎನ್ನುವ ಒಕ್ಕಲು, ಇಬ್ಬರ ನಡುವೆ ಪ್ರತಿ ವರ್ಷ ಜಗ್ಗಾಟ. ಯಾವ ಈವೆಂಟ್ ಕಂಪನಿಗೂ ಇಷ್ಟು ನಾಜೂಕಿನ ಅನುಮತಿಪತ್ರ ಪಡೆಯುವ ಸಂದರ್ಭ ಬರುವುದಿಲ್ಲ. ಮಹದೇಶ್ವರ ಬೆಟ್ಟದಲ್ಲಿ ಶಿವರಾತ್ರಿ, ಯುಗಾದಿ, ದೀಪಾವಳಿ. ದೀಪಾವಳಿಗೆ ಬೇಡಗಂಪಣ ಸಮುದಾಯದ 101 ಹೆಣ್ಣುಮಕ್ಕಳು ಹಾಲರವೆಯ ಕಲಶ ಹೊತ್ತು ಬರುತ್ತಾರೆ. ಅಮಾವಾಸ್ಯೆ ಬಂತೆಂದರೆ ತಾಳುಬೆಟ್ಟದಿಂದ ಕಾಲ್ನಡಿಗೆಯ ಜನ. ನೀರು ಎಲ್ಲಿ, ನೆರಳು ಎಲ್ಲಿ, ಕಳೆದುಹೋದ ಮಗುವನ್ನು ಎಲ್ಲಿ ಕೂರಿಸಬೇಕು, ದಾಸೋಹದ ಅಕ್ಕಿ ಎಷ್ಟು, ಲಾಡು ಎಷ್ಟು ಎಂದು ತಲೆಮಾರುಗಳಿಂದ ಅಂದಾಜು ಹಾಕಿದವರು ಅಲ್ಲಿದ್ದಾರೆ. ಅವರ ಅಂದಾಜು ಬರೆದಿಟ್ಟಿಲ್ಲ ಅಷ್ಟೇ.

ಬರೆದಿಡದೆ ಇರುವುದಕ್ಕೆ ಬೆಲೆ ಇದೆ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತಕ್ಕೆ 11 ಮಂದಿ ಸತ್ತರು. ಹನೂರು ತಾಲ್ಲೂಕಿನ ಸುಳ್ವಾಡಿಯ ಮಾರಮ್ಮನ ಗುಡಿಯಲ್ಲಿ 2018ರ ಡಿಸೆಂಬರ್ 14ರಂದು ವಿಷ ಬೆರೆತ ಪ್ರಸಾದ ತಿಂದು ಸತ್ತವರನ್ನು ಈ ಜಿಲ್ಲೆ ಮರೆತಿಲ್ಲ. ಅದು ಅಪಘಾತವಲ್ಲ, ಅಪರಾಧ. ಆದರೂ ಅಡುಗೆಮನೆಗೆ ಯಾರು ಹೋಗಬಹುದು, ಮೊದಲ ತುತ್ತು ಯಾರು ನೋಡಬೇಕು, ಆಸ್ಪತ್ರೆ ಎಷ್ಟು ದೂರ ಎಂಬುದು ಪ್ರತಿ ಜಾತ್ರೆಯ ಕಾಗದದಲ್ಲಿ ಇರಬೇಕಾದ ಸಾಲುಗಳು. ಅದನ್ನು ಬರೆಯಬಲ್ಲವರನ್ನು ತಯಾರು ಮಾಡುವುದೇ ಈವೆಂಟ್ ಮ್ಯಾನೇಜ್‌ಮೆಂಟಿನ ಡಿಗ್ರಿ ಮಾಡಬೇಕಾದ ಕೆಲಸ. ಮದುವೆ ಮಂಟಪದ ಬಣ್ಣಕ್ಕೆ ಪರದೆ ಹೊಂದಿಸುವುದನ್ನು ಶಾಮಿಯಾನದವನೇ ಕಲಿಸಿಕೊಡುತ್ತಾನೆ.

ಇದನ್ನೆಲ್ಲ ಕಲಿಸಬೇಕಾದ ವಿಶ್ವವಿದ್ಯಾಲಯದ ಸ್ಥಿತಿಯೇನು? ಮೈಸೂರು ವಿಶ್ವವಿದ್ಯಾಲಯದ ಅಂಬೇಡ್ಕರ್ ಸ್ನಾತಕೋತ್ತರ ಕೇಂದ್ರವಿದ್ದ ಬೇಡರಪುರದ ಸುವರ್ಣ ಗಂಗೋತ್ರಿಯಲ್ಲಿ 2023ರಲ್ಲಿ ಚಾಮರಾಜನಗರ ವಿಶ್ವವಿದ್ಯಾಲಯ ತಲೆಯೆತ್ತಿತು. ಎರಡು ವರ್ಷ ತುಂಬುವ ಮೊದಲೇ, 2025ರ ಫೆಬ್ರುವರಿಯಲ್ಲಿ, ಹಣವಿಲ್ಲ ಜಾಗವಿಲ್ಲ ಎಂದು ಸಚಿವ ಸಂಪುಟದ ಉಪಸಮಿತಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತೆತ್ತಿತು, ಚಾಮರಾಜನಗರದ ಹೆಸರೂ ಅದರಲ್ಲಿತ್ತು. ಇದರ ಜೊತೆಗೆ ಪದವಿ ನಾಲ್ಕು ವರ್ಷವೋ ಮೂರು ವರ್ಷವೋ ಎಂಬ ಗೊಂದಲ: 2021ರಲ್ಲಿ ಹೊಸ ಶಿಕ್ಷಣ ನೀತಿ ತಂದದ್ದನ್ನು 2024ರಲ್ಲಿ ರಾಜ್ಯ ಕೈಬಿಟ್ಟಿತು. ಪಠ್ಯ ಬದಲಾದಷ್ಟು ಬೇಗ ಅಧ್ಯಾಪಕರು ಬದಲಾಗುವುದಿಲ್ಲ. ಬೆಂಕಿ ಹೊತ್ತಿಸದ ಅಡುಗೆಮನೆಯಲ್ಲಿ ಅಡುಗೆ ಕಲಿಸುವ, ವಿಮಾನ ಟಿಕೆಟಿನ ತಂತ್ರಾಂಶವನ್ನು ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸುವ ಕಾಲೇಜುಗಳನ್ನು ನಾನು ಕಂಡಿದ್ದೇನೆ, ಹೆಸರು ಬೇಡ.

ಸಣ್ಣ ವಿಶ್ವವಿದ್ಯಾಲಯಕ್ಕೆ ಬದುಕುವ ದಾರಿ ದೊಡ್ಡದರ ನಕಲಾಗುವುದರಲ್ಲಿಲ್ಲ. ಮೈಸೂರು ಒಂದೂವರೆ ಗಂಟೆಯ ದಾರಿಯಲ್ಲಿರುವಾಗ ಅಲ್ಲಿ ಸಿಗುವುದನ್ನೇ ಇಲ್ಲಿ ಯಾರು ಓದುತ್ತಾರೆ? ಬೇಡರಪುರದಲ್ಲಿ ಕಲಿಸಬೇಕಾದ್ದು ಬೇರೆಲ್ಲೂ ಕಲಿಸಲಾಗದ್ದನ್ನು: ಕಾಡಂಚಿನ ಆತಿಥ್ಯ, ಜಾತ್ರೆಯ ನಿರ್ವಹಣೆ, ಹೆದ್ದಾರಿಯ ವ್ಯಾಪಾರ. ಭಾಷೆಗೆ ಫ್ರೆಂಚ್ ಬದಲು ಮಲಯಾಳಂ, ತಮಿಳು. ಪಾಠ ಹೇಳಲು ಸೋಲಿಗ ಹಿರಿಯರು, ದಾಸೋಹದ ಅಡುಗೆಯವರು, ಆ ಗಲ್ಲಾದವನು, ಗೌರವಧನ ಕೊಟ್ಟು. ತರಬೇತಿ ಜಂಗಲ್ ಲಾಡ್ಜಸ್‌ನ ಕ್ಯಾತದೇವರ ಗುಡಿಯಲ್ಲಿ, ಬಂಡೀಪುರದಲ್ಲಿ, ಮಹದೇಶ್ವರ ಬೆಟ್ಟದ ಪ್ರಾಧಿಕಾರದಲ್ಲಿ. ಇದಕ್ಕೆ ಕೋಟಿಗಟ್ಟಲೆ ಕಟ್ಟಡ ಬೇಕಿಲ್ಲ. ಒಂದು ಬಸ್ಸು ಬೇಕು.

ಅಲ್ಲಿಯವರೆಗೆ, ಮಕ್ಕಳನ್ನು ಈ ಓದಿಗೆ ಸೇರಿಸಲು ಹೊರಟ ತಂದೆತಾಯಿಗಳಿಗೆ ಒಂದು ಮಾತು. ಶುಲ್ಕ ಕಟ್ಟುವ ಮೊದಲು ಕಾಲೇಜಿನ ಅಡುಗೆಮನೆ ತೋರಿಸಲು ಹೇಳಿ, ಒಲೆ ಬಿಸಿ ಇದೆಯೇ ನೋಡಿ. ಕಳೆದ ವರ್ಷದ ಮಕ್ಕಳು ತರಬೇತಿಗೆ ಎಲ್ಲಿಗೆ ಹೋದರು, ಕೈಗೆ ಎಷ್ಟು ಬಂತು, ರಾತ್ರಿ ಪಾಳಿಯಲ್ಲಿ ಹೆಣ್ಣುಮಕ್ಕಳನ್ನು ರೂಮಿಗೆ ಬಿಡುವವರು ಯಾರು ಎಂದು ಕೇಳಿ. ಉತ್ತರ ತಡವರಿಸಿದರೆ ಎದ್ದು ಬನ್ನಿ.